ಫೋಟೊಗೆ ಹಿಟ್ಟು ಬೇಕೋ, ದೋಸೆ ಬೇಕೋ?

ಹೊಸದಾಗಿ ಕ್ಯಾಮೆರಾ ಕೊಂಡಿದ್ದೇನೆ. ಒಂದೇ ದೃಶ್ಯವನ್ನು ‘ರಾ’ದಲ್ಲಿ ತೆಗೆದರೆ 28 ಎಂಬಿ, ಜೆಪೆಗ್‌ನಲ್ಲಿ 8 ಎಂಬಿ. ಏಕಿಷ್ಟು ವ್ಯತ್ಯಾಸ? ಯಾವುದನ್ನು ಆರಿಸಲಿ?

ಸೆನ್ಸರ್ ಹಿಡಿದ ಬೆಳಕಿನ ಲೆಕ್ಕವನ್ನು ಹೆಚ್ಚುಕಡಿಮೆ ಹಾಗೆಯೇ ಬರೆದಿಡುವ ಕಡತ ‘ರಾ’. ಅದು ರುಬ್ಬಿಟ್ಟ ಹಿಟ್ಟಿನಂತೆ. ಇಡ್ಲಿಯೋ ದೋಸೆಯೋ ಪಡ್ಡೋ, ಆಮೇಲೆ ತೀರ್ಮಾನಿಸಬಹುದು. ಜೆಪೆಗ್ ಎಂದರೆ ಕ್ಯಾಮೆರಾವೇ ಹುಯ್ದು ಕೊಟ್ಟ ದೋಸೆ. ತಿನ್ನಲು ಸಿದ್ಧ, ಆದರೆ ಮರಳಿ ಹಿಟ್ಟಾಗದು.

ಜೆಪೆಗ್ ಮಾಡುವಾಗ ಕ್ಯಾಮೆರಾ ಮೊದಲು ಬಣ್ಣ, ಹೊಳಪುಗಳನ್ನು ತಾನೇ ನಿರ್ಧರಿಸುತ್ತದೆ. 14 ಬಿಟ್‌ನ ‘ರಾ’ದಲ್ಲಿ ಬೆಳಕಿಗೆ 16,384 ಮೆಟ್ಟಿಲುಗಳಿದ್ದರೆ, ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಾತ್ರ. ಬಳಿಕ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸಿ, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ಏರಿಳಿತಗಳನ್ನು ಕೈಬಿಡುತ್ತದೆ. ಗಾತ್ರ ಇಳಿಯುವುದು ಹೀಗೆ. ಈ ಉಪಾಯದ ಬೆನ್ನೆಲುಬಾದ ಗಣಿತವನ್ನು 1974ರಲ್ಲಿ ಟಿ. ನಟರಾಜನ್, ಕೆ. ಆರ್. ರಾವ್ ಜೊತೆ ಪ್ರಕಟಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್. ಫೋಟೊ ತೆಗೆಯುವ ಪ್ರತಿಯೊಬ್ಬ ಕನ್ನಡಿಗನೂ ತಿಳಿದಿರಬೇಕಾದ ಹೆಸರದು.

ಜೆಪೆಗ್ ಅನ್ನು ಎಷ್ಟು ಸಲ ತೆರೆದು ನೋಡಿದರೂ ಏನೂ ಕೆಡದು. ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದರೆ ಮಾತ್ರ ವಿವರಗಳು ಇನ್ನಷ್ಟು ಸೋರಿಹೋಗುತ್ತವೆ. ಆದ್ದರಿಂದ ಮೂಲ ಪ್ರತಿಯನ್ನು ಮುಟ್ಟದೆ ಇಡಿ.

ಮನೆಯ ಸಮಾರಂಭ, ಪ್ರವಾಸಗಳಿಗೆ ಜೆಪೆಗ್ ಧಾರಾಳ ಸಾಕು. ಸೂರ್ಯಾಸ್ತ, ದೀಪೋತ್ಸವದಂಥ ಬೆಳಕು–ನೆರಳಿನ ಆಟವಿದ್ದಲ್ಲಿ ‘ರಾ’ ಬೇಕು. ಕಪ್ಪಾಗಿ ಬಿದ್ದ ಮುಖವನ್ನು ಆಮೇಲೆ ಬೆಳಗಿಸಿಕೊಳ್ಳಬಹುದು. ಎರಡನ್ನೂ ಒಟ್ಟಿಗೆ ಉಳಿಸುವ ಆಯ್ಕೆ ಹಲವು ಕ್ಯಾಮೆರಾಗಳಲ್ಲಿದೆ. ಕಾರ್ಡಿನಲ್ಲಿ ಜಾಗವಿದ್ದರೆ, ಕಲಿಯುವಷ್ಟು ದಿನ ಅದನ್ನೇ ಇಟ್ಟುಕೊಳ್ಳಿ.