ಎತ್ತು ಏರಿಗೆ, ಕೋಣ ನೀರಿಗೆ

ಬ್ರಿಟನ್ನಿನ ಟ್ರಯಂಫ್ ಕಂಪನಿ 1959ರ ಮಾದರಿಯಾಗಿ ಹೊರತಂದ 'ಬಾನವಿಲ್' ಮೋಟಾರ್‌ಸೈಕಲ್ಲಿಗೆ ಎರಡು ಸಿಲಿಂಡರ್, ಎರಡು ಕಾರ್ಬುರೇಟರ್. ವೇಗ ಹೆಚ್ಚಿತು, ಜತೆಗೆ ತಲೆನೋವೂ. ಒಂದು ಕಾರ್ಬುರೇಟರ್ ಕೂದಲೆಳೆಯಷ್ಟು ಮೊದಲು ತೆರೆದುಕೊಂಡರೂ ಸಾಕು, ಆ ಕಡೆಯ ಸಿಲಿಂಡರಿಗೇ ಹೊರೆ, ಎಂಜಿನ್ ಅದುರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ.

ಮದ್ದು ಸರಳ. ಬಿಸಿಯಾದ ಎಂಜಿನ್ ನಿಲ್ಲಿಸಿ, ಒಂದು ಪ್ಲಗ್ಗಿನ ವೈರ್ ಕಳಚಿ ಅರ್ತ್ ಮಾಡಬೇಕು. ಇನ್ನೊಂದು ಸಿಲಿಂಡರಿನಲ್ಲೇ ಎಂಜಿನ್ ಓಡಿಸಿ, ಅದರ ಕಾರ್ಬುರೇಟರಿನ ಸ್ಕ್ರೂ ತಿರುವಿ ಐಡ್ಲಿಂಗ್ ಹೊಂದಿಸಬೇಕು. ಬಳಿಕ ಅದಲುಬದಲು. ಎರಡೂ ಕೂಡಿದಾಗ ಐಡ್ಲಿಂಗ್ ಏರುತ್ತದೆ. ಎರಡೂ ಸ್ಕ್ರೂಗಳನ್ನು ಸಮವಾಗಿ ಸಡಿಲಿಸಬೇಕು. ಕೊನೆಗೆ, ಎಂಜಿನ್ ನಿಲ್ಲಿಸಿ ಆಕ್ಸಿಲರೇಟರ್ ತಿರುವಿದರೆ, ಗಾಳಿಯ ದಾರಿ ತೆರೆಯುವ ಸ್ಲೈಡುಗಳೆರಡೂ ಒಟ್ಟಿಗೇ ಮೇಲೇಳುವಂತೆ ಕೇಬಲ್ ಹೊಂದಿಸಬೇಕು.

ಹಳೆಯ ಗಾಡಿ ಅದುರುತ್ತಿದೆಯೆಂದು ಎಂಜಿನ್ ಬಿಚ್ಚಿಸುವ ಮೊದಲು ಇಷ್ಟು ನೋಡಿ. ಕಿವಿ, ಬೆರಳು, ತಾಳ್ಮೆ ಇದ್ದರೆ ಸಾಕು.