ನಿಮಗಿದು ಗೊತ್ತೆ? ಜಹೀರಾಬಾದಿನ ಶಾಲೆ ಬೀದರ ಜಿಲ್ಲೆಯದಾಗಿತ್ತು!

ಇವತ್ತು ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳ ಸರ್ಕಾರಿ ಶಾಲೆಗಳು 1956ರ ಅಕ್ಟೋಬರ್ 31ರವರೆಗೆ ಬೀದರ ಜಿಲ್ಲೆಗೆ ಸೇರಿದ್ದವು. ತಾಂಡೂರಿನವು ಗುಲ್ಬರ್ಗಾ ಜಿಲ್ಲೆಗೆ. ಮರುದಿನ, ನವೆಂಬರ್ 1ರಂದು, ರಾಜ್ಯ ಪುನರ್ವಿಂಗಡಣೆ ಕಾಯ್ದೆ ಜಾರಿಗೆ ಬಂದು ಮೂರೂ ಆಂಧ್ರಪ್ರದೇಶದ ಪಾಲಾದವು. ಮಕ್ಕಳು ಅದೇ ಬೆಂಚಿನ ಮೇಲೆ ಕೂತಿದ್ದರು, ರಾಜ್ಯ ಮಾತ್ರ ಬದಲಾಗಿತ್ತು!

ಗೆರೆ ಎಳೆದ ರೀತಿಯೂ ಸೋಜಿಗದ್ದೇ. ಜಹೀರಾಬಾದ್ ತಾಲ್ಲೂಕು ಪೂರ್ತಿ ಆಚೆ ಹೋಗಲಿಲ್ಲ. ಅದರ ನಿರ್ಣಾ ವೃತ್ತವನ್ನು ಬಿಡಿಸಿ ಮೈಸೂರು ರಾಜ್ಯಕ್ಕೆ ಉಳಿಸಿಕೊಳ್ಳಲಾಯಿತು. ಬೀದರ ತಾಲ್ಲೂಕಿನಲ್ಲಿದ್ದ ನ್ಯಾಲಕಲ್ ವೃತ್ತ ಮಾತ್ರ ಅತ್ತ ಸೇರಿತು. ಹೀಗೆ ಅಕ್ಕಪಕ್ಕದ ಊರುಗಳ ಮಕ್ಕಳ ಪಠ್ಯಪುಸ್ತಕಗಳು ಬೇರೆ ಬೇರೆ ರಾಜಧಾನಿಗಳಿಂದ ಬರತೊಡಗಿದವು.

ಅದಕ್ಕೂ ಹಿಂದೆ, ನಿಜಾಮರ ಕಾಲದಲ್ಲಿ, ಈ ಸೀಮೆಯ ಹುಡುಗರು ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿದರೂ ಹೈಸ್ಕೂಲಿನ ಓದು ಹೆಚ್ಚಾಗಿ ಉರ್ದುವಿನಲ್ಲೇ. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ.

ಇನ್ನೊಂದು ಸ್ವಾರಸ್ಯ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಜಾರಿಗೆ ಬಂದದ್ದೂ ಅದೇ 1956ರ ನವೆಂಬರ್ 1ರಂದೇ. ಗಡಿ ಎಳೆದ ದಿನವೇ ಗಡಿಯಾಚೆ ಉಳಿದವರಿಗೊಂದು ಭರವಸೆ! ತೆಲಂಗಾಣದ ಗಡಿ ಭಾಗದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇಂದಿಗೂ ಇವೆ; ಅಲ್ಲಿ ಹತ್ತನೇ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

2016ರಲ್ಲಿ ಜಿಲ್ಲೆಗಳು ಮತ್ತೆ ಬದಲಾದವು: ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿಗೆ, ತಾಂಡೂರು ವಿಕಾರಾಬಾದಿಗೆ.