ವ್ಯವಹಾರದ ಬರಹವೂ ಭಾಷಾವಿಜ್ಞಾನವೂ

ಬರಹದಲ್ಲಿ ಸ್ಥೂಲವಾಗಿ ಎರಡು ಬಗೆಗಳುಂಟು. ಓದಿ ಆನಂದಿಸುವುದಕ್ಕಾಗಿ ಇರುವ ಬರಹ ಒಂದು. ಓದಿ ಅದರಂತೆ ನಡೆಯುವುದಕ್ಕಾಗಿ ಇರುವ ಬರಹ ಇನ್ನೊಂದು. ಕವಿತೆ, ಕಥೆ, ನಾಟಕಗಳು ಮೊದಲನೆಯ ಬಗೆಗೆ ಸೇರಿದವು. ಔಷಧದ ಸೀಸೆಯ ಮೇಲಿನ ಸೂಚನೆ, ಯಂತ್ರದೊಡನೆ ಬರುವ ಕೈಪಿಡಿ, ನ್ಯಾಯಾಲಯದ ಆದೇಶ, ಕಚೇರಿಯ ಸುತ್ತೋಲೆ, ಬ್ಯಾಂಕಿನ ನಮೂನೆ, ಕೀಟನಾಶಕದ ಡಬ್ಬಿಯ ಮೇಲಿನ ಎಚ್ಚರಿಕೆ ಇವೆಲ್ಲವೂ ಎರಡನೆಯ ಬಗೆಯವು. ಇವನ್ನು ವ್ಯವಹಾರದ ಬರಹ ಎನ್ನಬಹುದು. ಕವಿತೆಯ ಒಂದು ಸಾಲಿನಲ್ಲಿ ಎರಡು ಅರ್ಥಗಳು ಹೊಳೆದರೆ ಅದು ಕವಿತೆಯ ಸಂಪತ್ತು. ಔಷಧದ ಸೂಚನೆಯಲ್ಲಿ ಎರಡು ಅರ್ಥಗಳು ಹೊಳೆದರೆ ಅದು ರೋಗಿಯ ಪ್ರಾಣಕ್ಕೆ ಅಪಾಯ.

ವ್ಯವಹಾರದ ಬರಹವು ಕನ್ನಡಕ್ಕೆ ಹೊಸದೇನೂ ಅಲ್ಲ. 11ನೆಯ ಶತಮಾನದಲ್ಲಿ ಚಾವುಂಡರಾಯನು ‘ಲೋಕೋಪಕಾರ’ವೆಂಬ ಗ್ರಂಥದಲ್ಲಿ ಜನರ ನಿತ್ಯಜೀವನಕ್ಕೆ ಬೇಕಾದ ಅನೇಕ ವಿಷಯಗಳನ್ನು ತಿಳಿಸಿದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿ ಬರೆದನು. ಆ ಕಾಲದಲ್ಲಿ ಗ್ರಂಥದ ಜೊತೆಗೆ ಅದನ್ನು ಬಿಡಿಸಿ ಹೇಳುವ ಗುರುವೂ ಇರುತ್ತಿದ್ದನು. ಇಂದಿನ ಓದುಗನಾದರೋ ಕಾಗದದ ಮುಂದೆ ಒಬ್ಬನೇ ಕುಳಿತಿರುತ್ತಾನೆ. ಅವನ ಸಂದೇಹವನ್ನು ಪರಿಹರಿಸಲು ಬರೆದವನು ಬಳಿಯಲ್ಲಿ ಇರುವುದಿಲ್ಲ. ಬರೆದ ವಾಕ್ಯವೊಂದೇ ಎಲ್ಲ ಹೊಣೆಯನ್ನೂ ಹೊರಬೇಕಾಗುತ್ತದೆ.

ವಾಕ್ಯವು ಈ ಹೊಣೆಯನ್ನು ಹೊರಲಾರದೆ ಹೋದರೆ ಏನಾಗುತ್ತದೆ? ಸಾಮಾನ್ಯವಾಗಿ ಓದುಗನನ್ನೇ ದೂರುವುದು ವಾಡಿಕೆ. ‘ಸರಿಯಾಗಿ ಓದಲಿಲ್ಲ’, ‘ವಿದ್ಯೆ ಸಾಲದು’, ‘ಗಮನವಿಲ್ಲ’ ಎಂದು ಹೇಳಿ ಬರೆದವರು ಕೈತೊಳೆದುಕೊಳ್ಳುತ್ತಾರೆ. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಭಾಷಾವಿಜ್ಞಾನಿಗಳು ಈ ಪ್ರಶ್ನೆಯನ್ನು ಬೇರೊಂದು ದೃಷ್ಟಿಯಿಂದ ನೋಡಿದರು. ಭಾಷೆ ಹೇಗೆ ರಚಿತವಾಗಿದೆ, ಅದು ಮನಸ್ಸಿಗೆ ಅರ್ಥವನ್ನು ಹೇಗೆ ಮುಟ್ಟಿಸುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡುವುದೇ ಭಾಷಾವಿಜ್ಞಾನ. ತಿಳಿಯದಿರುವುದಕ್ಕೆ ಕಾರಣವು ಅನೇಕ ವೇಳೆ ಓದುಗನಲ್ಲಿಲ್ಲ, ವಾಕ್ಯದ ಕಟ್ಟಡದಲ್ಲಿಯೇ ಇದೆ ಎಂಬುದನ್ನು ಆ ವಿಜ್ಞಾನವು ತೋರಿಸಿಕೊಟ್ಟಿತು. ಕಟ್ಟಡದ ದೋಷವನ್ನು ಗುರುತಿಸಬಹುದು, ಪರೀಕ್ಷಿಸಬಹುದು, ತಿದ್ದಬಹುದು.

ಒಂದು ನುಡಿಗಟ್ಟು ಎಂತಹ ಅನರ್ಥಕ್ಕೆ ಎಡೆಗೊಡಬಲ್ಲದೆಂಬುದಕ್ಕೆ 1977ರ ಮಾರ್ಚ್ 27ರಂದು ನಡೆದ ದುರಂತವು ನಿದರ್ಶನವಾಗಿದೆ. ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಅಂದು ದಟ್ಟವಾದ ಮಂಜು ಕವಿದಿತ್ತು. ನೆದರ್ಲೆಂಡ್ಸ್ ದೇಶದ ಒಂದು ವಿಮಾನವು ರನ್‌ವೇಯ ಒಂದು ತುದಿಯಲ್ಲಿ ಹಾರಲು ಸಿದ್ಧವಾಗಿ ನಿಂತಿತ್ತು. ಅಮೆರಿಕದ ಇನ್ನೊಂದು ವಿಮಾನವು ಅದೇ ರನ್‌ವೇಯ ಮೇಲೆ ಚಲಿಸುತ್ತಿತ್ತು. ಹಾರಿದ ಬಳಿಕ ಯಾವ ಮಾರ್ಗವನ್ನು ಹಿಡಿಯಬೇಕೆಂಬುದನ್ನು ನಿಯಂತ್ರಣಾಧಿಕಾರಿಯು ಡಚ್ ವಿಮಾನಕ್ಕೆ ತಿಳಿಸಿದನು. ಆ ಮಾತಿನಲ್ಲಿ ‘ಟೇಕ್ ಆಫ್’ ಎಂಬ ಪದವೂ ಇತ್ತು. ಹಾರಲು ಅನುಮತಿಯನ್ನು ಅವನು ಇನ್ನೂ ಕೊಟ್ಟಿರಲಿಲ್ಲ. ವಿಮಾನವು ಮಾತ್ರ ಓಡಲಾರಂಭಿಸಿತು. ಅದರ ಸಹಚಾಲಕನು ರೇಡಿಯೋದಲ್ಲಿ ‘ನಾವೀಗ ಟೇಕ್ ಆಫ್‌ನಲ್ಲಿದ್ದೇವೆ’ ಎಂಬರ್ಥದ ಇಂಗ್ಲಿಷ್ ಮಾತನ್ನು ಹೇಳಿದನು. ವಿಮಾನವು ಹಾರುವ ಸ್ಥಳದಲ್ಲಿ ನಿಂತು ಕಾಯುತ್ತಿದೆ ಎಂದು ಅಧಿಕಾರಿಯು ತಿಳಿದನು. ಕೆಲವೇ ಕ್ಷಣಗಳಲ್ಲಿ ಎರಡು ವಿಮಾನಗಳೂ ಡಿಕ್ಕಿ ಹೊಡೆದವು. 583 ಜನರು ಅಸುನೀಗಿದರು.

ಈ ದುರಂತಕ್ಕೆ ಮಾತೊಂದೇ ಕಾರಣವಾಗಿರಲಿಲ್ಲ. ಮಂಜು, ಅವಸರ, ನಿಲ್ದಾಣದಲ್ಲಿದ್ದ ವಿಮಾನಗಳ ದಟ್ಟಣೆ, ಒಂದೇ ವೇಳೆ ಇಬ್ಬರು ಮಾತನಾಡಿದುದರಿಂದ ರೇಡಿಯೋದಲ್ಲಿ ಉಂಟಾದ ಅಡಚಣೆ ಇವೆಲ್ಲವೂ ಸೇರಿಕೊಂಡಿದ್ದವು. ಆದರೂ ಆ ಒಂದು ಮಾತಿನ ಸ್ವರೂಪವನ್ನು ಭಾಷಾವಿಜ್ಞಾನಿಗಳು ಕುತೂಹಲದಿಂದ ಪರಿಶೀಲಿಸಿದ್ದಾರೆ. ಸ್ಟೀವನ್ ಕುಶಿಂಗ್ ಎಂಬ ವಿದ್ವಾಂಸನು 1994ರಲ್ಲಿ ವಿಮಾನಯಾನದ ಭಾಷೆಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಡಚ್ ಭಾಷೆಯಲ್ಲಿ ನಡೆಯುತ್ತಿರುವ ಕ್ರಿಯೆಯನ್ನು ಹೇಳಲು ‘ಆ ಕೆಲಸದಲ್ಲಿದ್ದೇನೆ’ ಎಂಬಂತಹ ರಚನೆಯುಂಟು. ಡಚ್ ಮಾತೃಭಾಷೆಯ ಚಾಲಕನು ಇಂಗ್ಲಿಷ್ ಪದಗಳನ್ನೇ ಬಳಸಿದರೂ ವಾಕ್ಯದ ಅಚ್ಚು ಅವನ ಸ್ವಂತ ಭಾಷೆಯದಾಗಿತ್ತು. ‘ಹಾರುತ್ತಿದ್ದೇವೆ’ ಎಂಬುದು ಅವನ ಅಭಿಪ್ರಾಯ. ‘ಹಾರುವ ಸ್ಥಳದಲ್ಲಿದ್ದೇವೆ’ ಎಂಬುದು ಕೇಳಿದವನ ಗ್ರಹಿಕೆ. ತರುವಾಯ ವಿಮಾನಯಾನದ ನುಡಿಗಟ್ಟುಗಳನ್ನು ಬಿಗಿಗೊಳಿಸಲಾಯಿತು. ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವಾಗ ಮಾತ್ರ ನಿಯಂತ್ರಣಾಧಿಕಾರಿಯು ‘ಟೇಕ್ ಆಫ್’ ಎನ್ನಬೇಕು. ಬೇರೆ ಸಂದರ್ಭಗಳಲ್ಲಿ ‘ಡಿಪಾರ್ಚರ್’ ಎನ್ನಬೇಕು ಎಂಬುದು ನಿಯಮವಾಯಿತು. ಒಂದು ಪದಕ್ಕೆ ಒಂದೇ ಕೆಲಸವನ್ನು ಒಪ್ಪಿಸಿದುದರ ಫಲವಿದು.

ಇದೇ ತತ್ತ್ವವು ವಿಮಾನಗಳ ದುರಸ್ತಿಯ ಕೈಪಿಡಿಗಳಲ್ಲಿ ಪೂರ್ಣರೂಪವನ್ನು ತಳೆಯಿತು. ವಿಮಾನವನ್ನು ಒಂದು ದೇಶದಲ್ಲಿ ತಯಾರಿಸಿದರೆ ಅದನ್ನು ದುರಸ್ತಿ ಮಾಡುವವರು ಜಗತ್ತಿನ ಎಲ್ಲೆಡೆಯೂ ಇರುತ್ತಾರೆ. ಕೈಪಿಡಿಯ ಭಾಷೆ ಇಂಗ್ಲಿಷ್. ಅದನ್ನು ಓದುವ ಅನೇಕರಿಗೆ ಇಂಗ್ಲಿಷ್ ಮಾತೃಭಾಷೆಯಲ್ಲ. ಆದುದರಿಂದ ವಿಮಾನಯಾನ ಸಂಸ್ಥೆಗಳ ಕೋರಿಕೆಯಂತೆ ಯುರೋಪಿನ ವಿಮಾನ ತಯಾರಕರ ಸಂಘವು ‘ಸರಳೀಕೃತ ಇಂಗ್ಲಿಷ್’ ಎಂಬ ಬರವಣಿಗೆಯ ಕ್ರಮವನ್ನು ರೂಪಿಸಿ 1986ರಲ್ಲಿ ಹೊರತಂದಿತು. ಅದು ಪರಿಷ್ಕಾರಗೊಂಡು ಇಂದಿಗೂ ಬಳಕೆಯಲ್ಲಿದೆ. ಅದರ ಸಾಮಾನ್ಯ ಶಬ್ದಕೋಶದಲ್ಲಿ ಒಪ್ಪಿತವಾದ ಪದಗಳು ಸುಮಾರು 900. ಒಂದೊಂದು ಪದಕ್ಕೂ ಸಾಧ್ಯವಾದಷ್ಟು ಮಟ್ಟಿಗೆ ಒಂದೇ ಅರ್ಥ. ಉದಾಹರಣೆಗೆ, ಇಂಗ್ಲಿಷಿನ ‘ಫಾಲೋ’ ಎಂಬ ಪದಕ್ಕೆ ‘ಹಿಂದೆ ಬರು’ ಎಂದೂ ‘ಪಾಲಿಸು’ ಎಂದೂ ಅರ್ಥವುಂಟು. ಈ ಕ್ರಮದಲ್ಲಿ ಮೊದಲನೆಯ ಅರ್ಥಕ್ಕೆ ಮಾತ್ರ ಅವಕಾಶ. ಕೆಲಸವನ್ನು ಹೇಳುವ ವಾಕ್ಯವು 20 ಪದಗಳನ್ನು ಮೀರಬಾರದು. ಒಂದು ವಾಕ್ಯದಲ್ಲಿ ಒಂದೇ ಕೆಲಸವನ್ನು ಹೇಳಬೇಕು. ಏಕಕಾಲದಲ್ಲಿ ಮಾಡಬೇಕಾದ ಕೆಲಸಗಳಿಗೆ ಮಾತ್ರ ವಿನಾಯಿತಿಯುಂಟು. ಮೂರಕ್ಕಿಂತ ಹೆಚ್ಚು ನಾಮಪದಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಪೋಣಿಸಬಾರದು.

ವಾಕ್ಯಗಳನ್ನು ಚಿಕ್ಕದಾಗಿ ಕತ್ತರಿಸಿದರೆ ಸಾಕು, ಎಲ್ಲವೂ ತಿಳಿಯಾಗುತ್ತದೆ ಎಂದು ಇದರಿಂದ ತೋರಬಹುದು. ಹಾಗಲ್ಲವೆಂಬುದನ್ನು ಅಮೆರಿಕದ ಒಂದು ಸಂಶೋಧನೆಯು ತೋರಿಸಿತು. ಅಲ್ಲಿನ ನ್ಯಾಯಾಲಯಗಳಲ್ಲಿ ಜ್ಯೂರಿ ಎಂಬ ಸಾಮಾನ್ಯ ನಾಗರಿಕರ ಮಂಡಳಿಯು ವಿಚಾರಣೆಯನ್ನು ಕೇಳಿ ತೀರ್ಪನ್ನು ಹೇಳುತ್ತದೆ. ತೀರ್ಪಿಗೆ ಮೊದಲು ನ್ಯಾಯಾಧೀಶರು ಕಾನೂನಿನ ಸೂಚನೆಗಳನ್ನು ಅವರಿಗೆ ಓದಿ ಹೇಳುತ್ತಾರೆ. ಆ ಸೂಚನೆಗಳು ತಿಳಿಯದಿದ್ದರೆ ಒಬ್ಬನ ಆಸ್ತಿಯೂ ಮಾನವೂ ಗಂಡಾಂತರಕ್ಕೆ ಸಿಲುಕುತ್ತವೆ. ವಕೀಲರಾದ ರಾಬರ್ಟ್ ಚಾರೋ ಮತ್ತು ಭಾಷಾವಿಜ್ಞಾನಿಯಾದ ವೇದಾ ಚಾರೋ ಅವರು ಕ್ಯಾಲಿಫೋರ್ನಿಯ ರಾಜ್ಯದ ಇಂತಹ ಸೂಚನೆಗಳನ್ನು ಧ್ವನಿಮುದ್ರಿಸಿ ಜನರಿಗೆ ಕೇಳಿಸಿದರು. ಕೇಳಿದುದನ್ನು ತಮ್ಮ ಸ್ವಂತ ಮಾತಿನಲ್ಲಿ ಹೇಳುವಂತೆ ಕೋರಿದರು. ಜನರು ಎಲ್ಲಿ ಎಡವಿದರೆಂಬುದನ್ನು ವಾಕ್ಯವಾಕ್ಯವಾಗಿ ಗುರುತಿಸಿದರು. 1979ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ತೊಡಕಿಗೆ ಮುಖ್ಯ ಕಾರಣವು ಕಾನೂನಿನ ಗಹನತೆಯಾಗಿರಲಿಲ್ಲ. ಕ್ರಿಯಾಪದವನ್ನು ನಾಮಪದವಾಗಿ ಮಾರ್ಪಡಿಸುವುದು, ಒಂದೇ ವಾಕ್ಯದಲ್ಲಿ ಹಲವು ನಿಷೇಧಗಳನ್ನು ಸೇರಿಸುವುದು, ಉಪವಾಕ್ಯಗಳಲ್ಲಿ ಕರ್ಮಣಿ ಪ್ರಯೋಗವನ್ನು ತರುವುದು, ಪದಪುಂಜವನ್ನು ಸಲ್ಲದ ಸ್ಥಳದಲ್ಲಿ ಇಡುವುದು ಇಂತಹ ವ್ಯಾಕರಣದ ಸಂಗತಿಗಳೇ ಕೇಳುಗರನ್ನು ದಾರಿ ತಪ್ಪಿಸಿದ್ದವು. ಈ ರಚನೆಗಳನ್ನು ಬಿಡಿಸಿ ಬರೆದಾಗ, ಕಾನೂನಿನ ತಿರುಳು ಹಾಗೆಯೇ ಉಳಿದಿದ್ದರೂ ಜನರ ಗ್ರಹಿಕೆಯು ಗಣನೀಯವಾಗಿ ಹೆಚ್ಚಿತು. 2003ರಲ್ಲಿ ಕ್ಯಾಲಿಫೋರ್ನಿಯವು ತನ್ನ ಸಿವಿಲ್ ನ್ಯಾಯಾಲಯಗಳ ಸೂಚನೆಗಳನ್ನು ಸುಲಭವಾದ ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯಿಸಿ ಅಂಗೀಕರಿಸಿತು. ಮರೆವು ಮನುಷ್ಯನಿಗೆ ‘ಅಸಾಮಾನ್ಯವಲ್ಲ’ ಎಂದು ಸುತ್ತಿ ಹೇಳುವುದಕ್ಕಿಂತ ‘ಜನರು ಅನೇಕ ವೇಳೆ ಮರೆಯುತ್ತಾರೆ’ ಎಂದು ನೇರವಾಗಿ ಹೇಳುವುದು ಲೇಸೆಂಬುದು ಅಂತಹ ಬರವಣಿಗೆಯ ಸೂತ್ರ.

ಹಾಗಾದರೆ ಇಂಗ್ಲಿಷಿಗಾಗಿ ಹುಟ್ಟಿದ ಈ ನಿಯಮಗಳನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸಬಹುದೆ? ಕೆಲವನ್ನು ಅನ್ವಯಿಸಬಹುದು. ‘ಅರ್ಜಿಯ ಸಲ್ಲಿಕೆಯಲ್ಲಿನ ವಿಳಂಬದ ಕಾರಣದಿಂದ ಮಂಜೂರಾತಿಯ ನಿರಾಕರಣೆಯಾಗಿರುತ್ತದೆ’ ಎಂಬ ವಾಕ್ಯವನ್ನು ನೋಡಬಹುದು. ಸಲ್ಲಿಕೆ, ವಿಳಂಬ, ಮಂಜೂರಾತಿ, ನಿರಾಕರಣೆ ಎಂಬ ನಾಮಪದಗಳ ಸಾಲಿನಲ್ಲಿ ಯಾರು ಏನು ಮಾಡಿದರೆಂಬುದೇ ಅಡಗಿಹೋಗಿದೆ. ‘ನೀವು ಅರ್ಜಿಯನ್ನು ತಡವಾಗಿ ಸಲ್ಲಿಸಿದಿರಿ. ಆದುದರಿಂದ ತಹಶೀಲ್ದಾರರು ಅದನ್ನು ಮಂಜೂರು ಮಾಡಲಿಲ್ಲ’ ಎಂದರೆ ಕರ್ತೃವೂ ಕ್ರಿಯೆಯೂ ಬೆಳಕಿಗೆ ಬರುತ್ತವೆ. ನಿರಾಕರಿಸಿದವರು ಯಾರೆಂದು ತಿಳಿದರೆ ಅರ್ಜಿದಾರನು ಅವರನ್ನು ಕಂಡು ವಿಚಾರಿಸಬಲ್ಲನು.

ಆದರೆ ಪ್ರತಿಯೊಂದು ಭಾಷೆಗೂ ಅದರದೇ ಆದ ಜಾರುನೆಲಗಳಿರುತ್ತವೆ. ಕನ್ನಡದಲ್ಲಿ ಕರ್ತೃ ಯಾರು, ಕರ್ಮ ಯಾವುದು ಎಂಬುದನ್ನು ವಿಭಕ್ತಿ ಪ್ರತ್ಯಯಗಳು ತಿಳಿಸುತ್ತವೆ. ಅವಸರದ ಬರವಣಿಗೆಯಲ್ಲಿ ಈ ಪ್ರತ್ಯಯಗಳೇ ಮೊದಲು ಬಿದ್ದುಹೋಗುತ್ತವೆ. ‘ಚಿರತೆ ಕೊಂದ ರೈತ’ ಎಂದು ಒಂದು ವರದಿಯಲ್ಲಿ ಬರೆದಿದ್ದರೆ ಸತ್ತವರು ಯಾರು? ‘ಚಿರತೆಯು ಕೊಂದ ರೈತ’ ಎಂದಾದರೆ ಅವನ ಕುಟುಂಬಕ್ಕೆ ಪರಿಹಾರ ದೊರೆಯಬೇಕು. ‘ಚಿರತೆಯನ್ನು ಕೊಂದ ರೈತ’ ಎಂದಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವನ ಮೇಲೆ ಮೊಕದ್ದಮೆ ನಡೆಯಬಹುದು. ಒಂದು ಪುಟ್ಟ ಪ್ರತ್ಯಯವು ಮೃತನನ್ನೂ ಆರೋಪಿಯನ್ನೂ ಬೇರ್ಪಡಿಸುತ್ತದೆ. ವ್ಯಾಕರಣದ ತರಗತಿಯಲ್ಲಿ ಕೇವಲ ಕಂಠಪಾಠವೆಂದು ತೋರುವ ದ್ವಿತೀಯಾ ವಿಭಕ್ತಿಗೆ ಜೀವನದಲ್ಲಿ ಇಷ್ಟು ಬೆಲೆಯುಂಟು.

ಕನ್ನಡದ ಇನ್ನೊಂದು ಲಕ್ಷಣವೆಂದರೆ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುವುದು. ‘ಬೇಕು’ ಎಂಬುದೂ ‘ಬಾರದು’ ಎಂಬುದೂ ಕಟ್ಟಕಡೆಗೆ ತಿಳಿಯುತ್ತವೆ. ಆದುದರಿಂದ ಎಚ್ಚರಿಕೆಯ ವಾಕ್ಯವು ಉದ್ದವಾದಷ್ಟೂ ಅಪಾಯವು ಹೆಚ್ಚು. ಕೆಲಸ ಮಾಡುತ್ತಲೇ ಓದುವವನು ‘ಬಾರದು’ ಎಂಬ ಪದವನ್ನು ತಲಪುವ ಮೊದಲೇ ಗುಂಡಿಯನ್ನು ಒತ್ತಿಬಿಡಬಹುದು. ಕೆಲಸಗಳನ್ನು ಹೇಳುವ ಕ್ರಮವೂ ಮುಖ್ಯವಾದುದು. ಈವ್ ಕ್ಲಾರ್ಕ್ ಎಂಬ ಭಾಷಾವಿಜ್ಞಾನಿಯು 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕ ಮಕ್ಕಳು ಮೊದಲು ಹೇಳಿದುದು ಮೊದಲು ನಡೆಯಿತೆಂದೇ ತಿಳಿಯುವ ಪ್ರವೃತ್ತಿಯನ್ನು ತೋರಿಸಿದರು. ಗಾಬರಿಯಲ್ಲಿರುವ ದೊಡ್ಡವರಿಗೆ ಬರೆಯುವಾಗಲೂ ಈ ಮಾತನ್ನು ನೆನಪಿನಲ್ಲಿಡುವುದು ಕ್ಷೇಮ. ‘ಕುಕ್ಕರಿನ ಮುಚ್ಚಳವನ್ನು ತೆಗೆಯಿರಿ, ಆದರೆ ಅದಕ್ಕೆ ಮೊದಲು ಒತ್ತಡವು ಇಳಿದಿರಬೇಕು’ ಎನ್ನುವುದಕ್ಕಿಂತ ‘ಒತ್ತಡವು ಪೂರ್ತಿಯಾಗಿ ಇಳಿಯಲಿ. ಬಳಿಕ ಮುಚ್ಚಳವನ್ನು ತೆಗೆಯಿರಿ’ ಎನ್ನುವುದೇ ಸರಿಯಾದ ಕ್ರಮ.

ಪದಗಳ ಆಯ್ಕೆಯಲ್ಲಿಯೂ ಎಚ್ಚರ ಬೇಕು. ‘ದೀಪವನ್ನು ಆರಿಸಿರಿ’ ಎಂದರೆ ನಂದಿಸಬೇಕೆ, ಹಲವು ದೀಪಗಳಲ್ಲಿ ಒಂದನ್ನು ಆಯ್ದುಕೊಳ್ಳಬೇಕೆ? ಉತ್ತರ ಕರ್ನಾಟಕದಲ್ಲಿ ‘ಕೀಲಿ’ ಎಂದರೆ ಬೀಗ. ಗಣಕಯಂತ್ರದ ‘ಕೀಲಿಮಣೆ’ಯಲ್ಲಿ ಅದೇ ಪದವು ಒತ್ತುವ ಗುಂಡಿಯನ್ನು ಸೂಚಿಸುತ್ತದೆ. ಯಾವ ಪ್ರದೇಶದ ಓದುಗನಿಗೆ ಬರೆಯಲಾಗುತ್ತಿದೆ ಎಂಬುದನ್ನು ಅರಿಯದೆ ಪದವನ್ನು ಬಳಸಿದರೆ ತೊಂದರೆ ತಪ್ಪಿದ್ದಲ್ಲ. ಕೆಲವರು ಸಂಸ್ಕೃತ ಪದಗಳೆಲ್ಲ ಕಠಿಣ, ದೇಶ್ಯ ಪದಗಳೆಲ್ಲ ಸುಲಭ ಎಂದು ಭಾವಿಸುವುದುಂಟು. ಅದೂ ಪೂರ್ಣಸತ್ಯವಲ್ಲ. ‘ಆಸ್ಪತ್ರೆ’, ‘ಸ್ವಿಚ್ಚು’, ‘ಅರ್ಜಿ’ ಇವು ಹೊರಗಿನಿಂದ ಬಂದ ಪದಗಳಾದರೂ ಎಲ್ಲರಿಗೂ ಪರಿಚಿತವಾಗಿವೆ. ಓದುಗನಿಗೆ ಪರಿಚಿತವೇ ಎಂಬುದೇ ಪದದ ನಿಜವಾದ ಪರೀಕ್ಷೆ. ಅದರ ಮೂಲ ಯಾವುದೆಂಬುದು ಆಮೇಲಿನ ಮಾತು.

ಬರೆದುದು ಸ್ಪಷ್ಟವಾಗಿದೆಯೋ ಇಲ್ಲವೋ ಎಂಬುದನ್ನು ಬರೆದವನೇ ನಿರ್ಣಯಿಸಲಾರನು. ಹೇಳಬೇಕಾದುದು ಅವನ ಮನಸ್ಸಿನಲ್ಲಿ ಮೊದಲೇ ಇರುವುದರಿಂದ ವಾಕ್ಯದಲ್ಲಿರುವ ಕೊರತೆಯನ್ನು ಅವನ ಮನಸ್ಸೇ ತುಂಬಿಕೊಳ್ಳುತ್ತದೆ. ಅಮೆರಿಕದ ಸಂಶೋಧಕರು ಬಳಸಿದ ಉಪಾಯವು ಇಲ್ಲಿ ಎಲ್ಲರಿಗೂ ಸುಲಭಸಾಧ್ಯವಾದುದು. ವಿಷಯವನ್ನು ಅರಿಯದ ಒಬ್ಬರ ಕೈಗೆ ಬರಹವನ್ನು ಕೊಡಬೇಕು. ಓದಿದ ಬಳಿಕ ತಿಳಿದುದನ್ನು ಅವರ ಮಾತಿನಲ್ಲಿಯೇ ಹೇಳಿಸಬೇಕು. ಅವರು ಎಡವಿದ ಸ್ಥಳವನ್ನು ಗುರುತಿಸಿ ವಾಕ್ಯವನ್ನು ತಿದ್ದಬೇಕು. ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕಾದುದು ಬರಹ, ಓದಿದವರಲ್ಲ.

ಇಂದಿನ ವಿದ್ಯಾರ್ಥಿಗಳಲ್ಲಿ ಮುಂದೆ ವೈದ್ಯರು, ಎಂಜಿನಿಯರುಗಳು, ಗ್ರಾಮ ಆಡಳಿತಾಧಿಕಾರಿಗಳು, ವಕೀಲರು, ದಾದಿಯರು, ಕುಶಲಕರ್ಮಿಗಳು ಮೂಡಿಬರುತ್ತಾರೆ. ಇವರಲ್ಲಿ ಕವಿಗಳಾಗುವವರು ಕೆಲವರು; ಇತರರು ನಡೆಯಲು ಆಧಾರವಾಗುವ ಬರಹವನ್ನು ಬರೆಯಬೇಕಾದವರು ಬಹುಮಂದಿ. ಅವರು ಬರೆಯುವ ಒಂದು ಚೀಟಿಯನ್ನು ನಂಬಿ ಯಾರೋ ಔಷಧವನ್ನು ಕುಡಿಯುತ್ತಾರೆ, ಯಾರೋ ವಿದ್ಯುತ್ತಿನ ತಂತಿಯನ್ನು ಮುಟ್ಟುತ್ತಾರೆ, ಯಾರೋ ತಮ್ಮ ಭೂಮಿಯ ಪತ್ರಕ್ಕೆ ಸಹಿ ಹಾಕುತ್ತಾರೆ. ಆ ನಂಬಿಕೆಗೆ ತಕ್ಕ ವಾಕ್ಯವನ್ನು ಕಟ್ಟಿಕೊಡುವುದು ಬರೆಯುವವನ ಕರ್ತವ್ಯ. ಅದನ್ನು ಕಟ್ಟುವ ಬಗೆಯನ್ನು ವ್ಯಾಕರಣವೂ ಭಾಷಾವಿಜ್ಞಾನವೂ ಕಲಿಸಿಕೊಡುತ್ತವೆ.